ನಾಲ್ಕು ಕಥೆಗೆ ಒಂದೇ ಕಟ್ಟು: ಕನ್ನಂಬಾಡಿ ಹಿನ್ನೀರಿನ ಪ್ರೇಮಕಾದಂಬರಿ

ಪ್ರಶ್ನೆ: ನಾನು ಮಂಡ್ಯದ ಕಡೆಯವಳು. ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ, ಈಗ 40 ಸಾವಿರ ಪದ ಆಗಿದೆ. ಸುಧಾ ಕನ್ನಂಬಾಡಿ ಕಟ್ಟೆಯಲ್ಲಿ ಸಹಾಯಕ ಎಂಜಿನಿಯರ್. ಅವಳ ಅಪ್ಪನಿಗೆ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿ ಎರಡು ಎಕರೆ ಗದ್ದೆ. ಚಿಕ್ಕಣ್ಣ 1924ರಲ್ಲಿ ಮುಳುಗಡೆ ಜಮೀನು ಅಳೆಯುವಾಗ ಸತ್ತುಹೋದ ಹುಡುಗ, ಈಗ ದೆವ್ವವಾಗಿ ಅವಳಿಗೆ ಕಾಣುತ್ತಾನೆ. ಇವರಿಬ್ಬರ ಪ್ರೀತಿಯೇ ಕಥೆ. ಜೊತೆಗೆ ಅವನು ಹೇಗೆ ಸತ್ತ ಅನ್ನುವ ಪತ್ತೇದಾರಿ, ಕಟ್ಟೆ ಕಟ್ಟಿದ ಕಾಲದ ಚರಿತ್ರೆ, ಒಂದಿಷ್ಟು ಭಯ ಎಲ್ಲ ಇದೆ. ಓದಿದ ಗೆಳತಿಯರು "ಒಂದೇ ರಟ್ಟಿನೊಳಗೆ ನಾಲ್ಕು ಪುಸ್ತಕ ಇಟ್ಟಂಗಿದೆ, ಯಾವುದೂ ಪೂರ್ತಿ ಇಲ್ಲ" ಅಂದರು. ಕೊನೆಯೂ ಹೊಳೆಯುತ್ತಿಲ್ಲ. ಯಾವುದನ್ನು ಬಿಡಲಿ? ಕೆಲವು ಪುಟ ಕಳಿಸಿದ್ದೇನೆ.

ಉತ್ತರ: ಯಾವುದನ್ನೂ ಬಿಡಬೇಡಿ. ನಾಲ್ಕು ಎತ್ತು ಇವೆ, ಚೆನ್ನಾಗಿಯೇ ಇವೆ. ಆದರೆ ನಾಲ್ಕನ್ನೂ ಬೇರೆ ಬೇರೆ ನೊಗಕ್ಕೆ ಕಟ್ಟಿದ್ದೀರಿ. ಐದನೇ ಅಧ್ಯಾಯ ಪೂರ್ತಿ ಪತ್ತೇದಾರಿ, ಆರನೆಯದು ಪೂರ್ತಿ ಚರಿತ್ರೆ, ಏಳರಲ್ಲಿ ಪ್ರೀತಿ, ಎಂಟರಲ್ಲಿ ದೆವ್ವ. ಒಂದು ಓಡುವಾಗ ಉಳಿದ ಮೂರು ಮೆಲುಕು ಹಾಕುತ್ತಾ ನಿಂತಿರುತ್ತವೆ. ನಿಮ್ಮ ಗೆಳತಿಯರು ಹೇಳಿದ್ದು ಇದನ್ನೇ.

ಅದಕ್ಕಿಂತ ಮೂಲದ ತೊಂದರೆ ಇನ್ನೊಂದಿದೆ. ನಿಮ್ಮ ಚಿಕ್ಕಣ್ಣ ಬೇಕಾದಾಗ ಬರುತ್ತಾನೆ, ಬೇಕಾದಾಗ ಮಾಯವಾಗುತ್ತಾನೆ. ಒಮ್ಮೆ ಅವಳ ಕೈ ಹಿಡಿಯುತ್ತಾನೆ, ಇನ್ನೊಮ್ಮೆ ಅವನ ಕೈ ಅವಳ ಕೈಯೊಳಗೆ ಹಾದುಹೋಗುತ್ತದೆ. ಮೈಸೂರಿನ ಅವಳ ಬಾಡಿಗೆ ಮನೆಗೂ ಬಂದು ಅಡಿಗೆ ಕಟ್ಟೆಗೆ ಒರಗಿ ನಿಲ್ಲುತ್ತಾನೆ. ಇಂಥ ಕಥೆಯಲ್ಲಿ ಮೊದಲು ಕೆಡುವ ಭಾಗ ಇದೇ. ದೆವ್ವಕ್ಕೊಂದು ಕಟ್ಟು ಬೇಕು. ಕಟ್ಟು ಅಂದರೆ ಅದು ಎಲ್ಲಿ ಬರಬಹುದು, ಯಾವಾಗ ಬರಬಹುದು, ಎಷ್ಟು ಹತ್ತಿರ ಬರಬಹುದು ಅನ್ನುವ ಕಟ್ಟಳೆ. ಮಂತ್ರವಾದಿ ಕಟ್ಟು ಹಾಕುತ್ತಾನೆ ಅನ್ನುತ್ತೇವೆ, ನಾಲೆಗೆ ಕಟ್ಟು ಪದ್ಧತಿಯಲ್ಲಿ, ಅಂದರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಲಿಸಿ, ನೀರು ಬಿಡುತ್ತಾರೆ ಅನ್ನುತ್ತೇವೆ. ನಿಮಗೆ ಬೇಕಾದದ್ದು ಎರಡೂ ಅರ್ಥದ ಕಟ್ಟು. ಒಂದೇ ಕಟ್ಟು ಸಾಕು, ಆದರೆ ಅದು ಪ್ರೀತಿಗೆ ಅಡ್ಡಿ, ಪತ್ತೇದಾರಿಗೆ ಸುಳಿವು, ಭಯಕ್ಕೆ ಕಾರಣ, ಚರಿತ್ರೆಗೆ ಬಾಗಿಲು, ನಾಲ್ಕೂ ಆಗಬೇಕು.

ಅದು ನಿಮ್ಮ ಹಸ್ತಪ್ರತಿಯಲ್ಲೇ ಬಿದ್ದಿದೆ, ನೀವು ಗಮನಿಸಿಲ್ಲ. ಸುಧಾ ದಿನಾ ಬೆಳಿಗ್ಗೆ ನೀರಿನ ಮಟ್ಟ ಓದುತ್ತಾಳೆ ಅಂತ ಎರಡನೇ ಪುಟದಲ್ಲಿ ಬರೆದು ಅಲ್ಲಿಗೇ ಬಿಟ್ಟಿದ್ದೀರಿ. ಮಂಡ್ಯದಲ್ಲಿ ಯಾರನ್ನು ಕೇಳಿದರೂ ಕಟ್ಟೆಯ ಪೂರ್ಣ ಮಟ್ಟ 124.80 ಅಡಿ ಅಂತ ಥಟ್ಟನೆ ಹೇಳುತ್ತಾರೆ. ಇಂದಿನ ಮಟ್ಟ, ಒಳಹರಿವು, ಹೊರಹರಿವು ಪತ್ರಿಕೆಯಲ್ಲಿ ಬರುತ್ತದೆ, ಟೀ ಅಂಗಡಿಯಲ್ಲಿ ಅದರದೇ ಮಾತು. ಇಡೀ ಜಿಲ್ಲೆ ದಿನಾ ನೋಡುವ ಈ ಅಂಕಿಯನ್ನೇ ಚಿಕ್ಕಣ್ಣನ ಗಡಿಯಾರ ಮಾಡಿ. ನೀರು ಇಳಿದಷ್ಟೂ ಅವನು ಅವಳ ಹತ್ತಿರ ಬರಬಲ್ಲ. ನೀರು ಏರಿದಷ್ಟೂ ದೂರ. ಕಟ್ಟೆ ತುಂಬಿದರೆ ಅವನಿಲ್ಲ.

ಎಷ್ಟು ಹತ್ತಿರ ಅನ್ನುವುದಕ್ಕೆ ಅಳತೆ ಅವನ ಕಸುಬಿನದೇ ಇರಲಿ. ನಮ್ಮ ಹಳೇ ಮೋಜಣಿಯ, ಅಂದರೆ ಭೂಮಿ ಅಳತೆಯ, ಸರಪಳಿ 33 ಅಡಿ. ಅದನ್ನು 16 ಆಣೆಯಾಗಿ ಭಾಗ ಮಾಡುತ್ತಾರೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ದರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಈ ಲೆಕ್ಕ ಚಿಕ್ಕಣ್ಣನಿಗೆ ಉಸಿರಿನಷ್ಟು ಸಲೀಸು. ಮೊದಲ ಭೇಟಿಯಲ್ಲಿ, ಮಟ್ಟ 100 ಅಡಿ ಇದ್ದಾಗ, ಇಬ್ಬರ ನಡುವೆ ಪೂರ್ತಿ ಒಂದು ಸರಪಳಿ. ಕೂಗಿ ಮಾತಾಡಬೇಕು. 90ಕ್ಕೆ ಇಳಿದಾಗ ಎಂಟಾಣೆ, ಅಂದರೆ ಹದಿನಾರೂವರೆ ಅಡಿ, ಮುಖ ಕಾಣುತ್ತದೆ. 85ರಲ್ಲಿ ನಾಲ್ಕಾಣೆ, ಎಂಟು ಅಡಿ ಚಿಲ್ಲರೆ, ಪಿಸುಮಾತು ಕೇಳುತ್ತದೆ. ಮಳೆ ಕೈಕೊಟ್ಟ ವರ್ಷ ಮಟ್ಟ 80ರ ಆಸುಪಾಸಿಗೆ ಬಂದಾಗ ಒಂದಾಣೆ. ಎರಡು ಅಡಿಗಿಂತ ಕೂದಲೆಳೆ ಜಾಸ್ತಿ. ಕೈ ಚಾಚಿದರೆ ಸಿಗಬೇಕು, ಸಿಗುವುದಿಲ್ಲ. ಪ್ರೇಮಕಥೆಯ ಬಿಗಿ ಇರುವುದು ಈ ಒಂದಾಣೆಯಲ್ಲಿ. ನೀವು ಮೂರನೇ ಅಧ್ಯಾಯದಲ್ಲೇ ಅವನಿಂದ ಅವಳ ಕೈ ಹಿಡಿಸಿಬಿಟ್ಟಿದ್ದೀರಿ. ಆಮೇಲೆ ಓದುಗರು ಯಾತಕ್ಕೆ ಕಾಯಬೇಕು? ಮೊದಲ ಸ್ಪರ್ಶವನ್ನು ಪುಸ್ತಕದ ಮುಕ್ಕಾಲು ಭಾಗ ದಾಟುವವರೆಗೂ ತಡೆಹಿಡಿಯಿರಿ.

ಈಗ ಈ ಕಟ್ಟು ಸುಧಾಳಿಗೆ ಏನು ಮಾಡುತ್ತದೆ ನೋಡಿ. ಅವಳಿಗೆ ಅವನು ಬೇಕು ಅಂದರೆ ನೀರು ಇಳಿಯಬೇಕು. ಅಪ್ಪನ ಗದ್ದೆ ನಾಲೆಯ ಕೊನೆಯಲ್ಲಿದೆ. ನೀರು ಕಡಿಮೆಯಾದರೆ ಮೊದಲು ಒಣಗುವುದು ಕೊನೆಯವರದ್ದೇ, ಮೇಲಿನವರು ತೂಬು ಎತ್ತಿಕೊಂಡು ಮಲಗಿರುತ್ತಾರೆ. ಊರೆಲ್ಲ ಮಳೆಗಾಗಿ ದೇವರಿಗೆ ಹರಕೆ ಹೊರುವಾಗ ಇವಳೊಬ್ಬಳು ಮಳೆ ಬೇಡ ಅಂದುಕೊಳ್ಳುತ್ತಾಳೆ. ಮಂಡ್ಯದಲ್ಲಿ ಹುಟ್ಟಿದ ಹೆಣ್ಣಿಗೆ ಇದಕ್ಕಿಂತ ದೊಡ್ಡ ಪಾಪ ಯಾವುದಿದೆ? ಇನ್ನೊಂದು ಕಡೆ, ಅಪ್ಪನ ಗದ್ದೆ ಹಸಿರಾದದ್ದೇ ಚಿಕ್ಕಣ್ಣನ ಊರು ಮುಳುಗಿದ ನೀರಿನಿಂದ. ನಿಮ್ಮ ಈಗಿನ ಕರಡಿನಲ್ಲಿ ಅಡ್ಡಿಯಾಗಿ ಬರುವ ಆ ಬೆಂಗಳೂರಿನ ಸಾಫ್ಟ್‌ವೇರ್ ಗಂಡು, ಅವನ ನಿಶ್ಚಿತಾರ್ಥ, ಅಂಗಡಿಯಲ್ಲಿ ಸೀರೆ ಆರಿಸುವ ಹತ್ತು ಪುಟ ಎಲ್ಲವನ್ನೂ ತೆಗೆಯಿರಿ. ಹೊರಗಿನಿಂದ ತಂದು ನಿಲ್ಲಿಸಿದ ಮೂರನೆಯವನು ಬೇಕಾಗುವುದು ಒಳಗೆ ಅಡ್ಡಿ ಇಲ್ಲದ ಕಥೆಗೆ.

ಕಾಲಪಟ್ಟಿಯೂ ಇದರಿಂದಲೇ ಸಿಗುತ್ತದೆ. ಮೊದಲ ವರ್ಷ ಫೆಬ್ರವರಿಯಿಂದ ಜೂನ್‌ವರೆಗೆ ಭೇಟಿ, ಸಲಿಗೆ. ಕೊಡಗಿನಲ್ಲಿ ಮಳೆ ಹಿಡಿದ ಸುದ್ದಿ ಬಂದ ದಿನ ಊರಿನಲ್ಲಿ ಸಂಭ್ರಮ, ಅವಳ ಎದೆಯಲ್ಲಿ ಧಸಕ್ಕು. ಕಟ್ಟೆ ತುಂಬಿದಾಗ ಮುಖ್ಯಮಂತ್ರಿ ಬಂದು ಕಾವೇರಿಗೆ ಬಾಗಿನ ಬಿಡುತ್ತಾರಲ್ಲ, ಆ ದಿನ ಕರ್ತವ್ಯದ ಮೇಲೆ ಅಲ್ಲೇ ನಿಂತಿರುವವಳು ಸುಧಾ. ಮೊರದಲ್ಲಿ ಅರಿಶಿನ, ಕುಂಕುಮ, ಬಳೆ. ಮುತ್ತೈದೆಯ ಮಂಗಳದ್ರವ್ಯವೆಲ್ಲ ಅವನ ಮೇಲಿನ ನೀರಿಗೆ ಬೀಳುತ್ತಿದೆ. ಅವಳು ಒಂದೂ ಮಾತಾಡಬೇಕಿಲ್ಲ. ಈ ದೃಶ್ಯ ನಿಮ್ಮಲ್ಲಿ ಇಲ್ಲವೇ ಇಲ್ಲ ಅನ್ನುವುದು ಆಶ್ಚರ್ಯ.

ಅದಾದ ಮೇಲೆ ಮಹಾಲಯ ಅಮಾವಾಸ್ಯೆ. ಹಿರಿಯರ ಹಬ್ಬಕ್ಕೆ ಸತ್ತವರಿಗೆ ಎಡೆ ಇಡುವ ದಿನ, ಅವರವರಿಗೆ ಇಷ್ಟವಾದ ಬಾಡೂಟ, ಹೊಸ ಬಟ್ಟೆ, ಬೀಡಿ ಸೇದುವವರಿದ್ದರೆ ಬೀಡಿ ಕಟ್ಟು. ವಂಶವೇ ಇಲ್ಲದ ಚಿಕ್ಕಣ್ಣನಿಗೆ ನೂರು ವರ್ಷದಿಂದ ಯಾರೂ ಎಡೆ ಇಟ್ಟಿಲ್ಲ. ಇವಳು ಇಡಬಹುದು. ಆದರೆ ಎಡೆ ಇಟ್ಟರೆ ಅವನು ಸತ್ತವನು ಅಂತ ಒಪ್ಪಿಕೊಂಡ ಹಾಗೆ. ಬಾಳೆ ಎಲೆ ಹಿಡಿದುಕೊಂಡು ಅವಳು ಎಷ್ಟು ಹೊತ್ತು ನಿಂತಳು ಅನ್ನುವುದೇ ಒಂದು ಅಧ್ಯಾಯ. ಎರಡನೇ ವರ್ಷ ಮಳೆ ಹೋಗಲಿ. ಹತ್ತಿರವಾಗುವುದು, ಒಣಗುವುದು ಎರಡೂ ಒಟ್ಟಿಗೆ ನಡೆಯಲಿ.

ಪತ್ತೇದಾರಿಗೆ ಬರೋಣ. ನೂರು ವರ್ಷದ ಹಿಂದಿನ ಕೊಲೆಗೆ ಕೊಲೆಗಾರನೇ ಉಳಿದಿಲ್ಲ, ಆದ್ದರಿಂದ ಹಿಡಿಯುವುದು ಯಾರನ್ನು ಅನ್ನುವ ಪ್ರಶ್ನೆ ನಿಮ್ಮ ಕರಡಿನಲ್ಲಿ ತೇಲುತ್ತಿದೆ. ಹಳೇ ಕೊಲೆಗೆ ಈಗಿನ ಬೆಲೆ ಇರಬೇಕು, ಆ ಬೆಲೆ ನಾಯಕಿಯ ಕೈಯಿಂದಲೇ ಹೋಗಬೇಕು. ಒಂದು ದಾರಿ ಹೀಗೆ. ಚಿಕ್ಕಣ್ಣ ಸತ್ತದ್ದು 1924ರ ಜುಲೈ ಪ್ರವಾಹದಲ್ಲಿ. ಅವನ ಜಮೀನಿನ ಪರಿಹಾರದ ಹಣ ಬಟವಾಡೆಯಾಗಿದ್ದು ನವೆಂಬರಿನಲ್ಲಿ. ರಸೀತಿಯಲ್ಲಿ ಅವನ ಹೆಸರಿನ ಮುಂದೆ ಹೆಬ್ಬೆಟ್ಟಿದೆ, ಕೆಳಗೆ ಸಾಕ್ಷಿ ಅಂತ ಊರ ಪಟೇಲನ ರುಜು. ಪಟೇಲ ಸುಧಾಳ ಮುತ್ತಜ್ಜ. ಆ ಹಣದಲ್ಲಿ ಕೊಂಡ ಭೂಮಿಯೇ ಅಪ್ಪನ ಎರಡು ಎಕರೆ.

ಸುಳಿವನ್ನು ಎಲ್ಲಿ ಇಡುತ್ತೀರಿ ಅನ್ನುವುದರಲ್ಲಿ ಕೈಚಳಕ ಇದೆ. ಸುಳಿವಿಗೆ ಅಂತಲೇ ಒಂದು ದೃಶ್ಯ ಮಾಡಬೇಡಿ, ಪ್ರೀತಿಯ ದೃಶ್ಯದೊಳಗೆ ಹೂತಿಡಿ. ಎಂಟಾಣೆ ದೂರದಲ್ಲಿ ಕೂತು ಚಿಕ್ಕಣ್ಣ ಒಂದು ಕಡ್ಡಿ ತಗೊಂಡು ಒದ್ದೆ ಮಣ್ಣಿನ ಮೇಲೆ ಅವಳ ಹೆಸರು ಬರೆಯುತ್ತಾನೆ. ದುಂಡನೆಯ ಅಕ್ಷರ, ಅಳತೆ ಟಿಪ್ಪಣಿ ಬರೆದು ಪಳಗಿದ ಕೈ. ಓದುಗರು ಅದನ್ನು ಪ್ರೀತಿ ಅಂತ ಓದಿಕೊಂಡು ಮುಂದೆ ಹೋಗುತ್ತಾರೆ. ನೂರು ಪುಟ ಆದಮೇಲೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ರಸೀತಿ ಸಿಕ್ಕಾಗ ಅಲ್ಲಿ ಹೆಬ್ಬೆಟ್ಟು. ಬರೆಯಲು ಬರುವವನು ಹೆಬ್ಬೆಟ್ಟು ಯಾಕೆ ಒತ್ತಿದ? ಯಾರೂ ವಿವರಿಸಬೇಕಿಲ್ಲ. ಸುಧಾಳಿಗಿಂತ ಒಂದು ಕ್ಷಣ ಮೊದಲು ಓದುಗರಿಗೆ ಹೊಳೆದರೆ ನೀವು ಗೆದ್ದಿರಿ. ಈಗ ನೀವು ಬರೆದಿರುವಂತೆ ಚಿಕ್ಕಣ್ಣನೇ ಕನಸಿನಲ್ಲಿ ಬಂದು "ನನ್ನನ್ನು ಕೊಂದವನು ಇಂಥವನು" ಅಂದರೆ ಪತ್ತೇದಾರಿ ಅಲ್ಲಿಗೇ ಸತ್ತಿತು. ತನ್ನ ಸಾವು ಅವನಿಗೆ ಗೊತ್ತಿರಬಾರದು. ಹಿಂದಿನಿಂದ ಒಂದು ಕೈ, ಕೆಂಪು ನೀರು, ಕೈಯಲ್ಲಿ ಸರಪಳಿಯ ಕೊಂಡಿ. ಅವನಿಗೆ ನೆನಪಿರುವುದು ಅಷ್ಟೇ.

ಇಲ್ಲಿ ನಾಲ್ಕು ಎತ್ತೂ ಒಂದೇ ನೊಗಕ್ಕೆ ಬರುತ್ತವೆ. ಚಿಕ್ಕಣ್ಣ ಇನ್ನೂ ಯಾಕೆ ಉಳಿದಿದ್ದಾನೆ? ಸರ್ಕಾರದ ಲೆಕ್ಕದಲ್ಲಿ ಅವನು ನವೆಂಬರಿನಲ್ಲಿ ಬಂದು ಹಣ ತಗೊಂಡು ಹೋದ ಬದುಕಿರುವ ಮನುಷ್ಯ. ನೀರಿನ ಲೆಕ್ಕದಲ್ಲಿ ಜುಲೈನಲ್ಲೇ ಸತ್ತವನು. ಎರಡು ಲೆಕ್ಕ ತಾಳೆಯಾಗದೆ ನಡುವೆ ನಿಂತಿದ್ದಾನೆ. ಆ ಹೆಬ್ಬೆಟ್ಟು ಸುಳ್ಳು ಅಂತ ಸುಧಾ ಸಾಬೀತು ಮಾಡಿದರೆ ನ್ಯಾಯ ಸಿಗುತ್ತದೆ, ಆದರೆ ಲೆಕ್ಕ ತಾಳೆಯಾಗಿ ಅವನು ಹೊರಟುಹೋಗುತ್ತಾನೆ. ಮುಚ್ಚಿಟ್ಟರೆ ಅವನು ಒಂದಾಣೆ ದೂರದಲ್ಲಿ ಹಾಗೇ ಇರುತ್ತಾನೆ, ಮನೆಯ ಪಾಪವೂ ಹಾಗೇ ಇರುತ್ತದೆ. ಪತ್ತೇದಾರಿ ಒಂದೊಂದು ಹೆಜ್ಜೆ ಮುಂದೆ ಹೋದಾಗಲೂ ಪ್ರೀತಿ ಒಂದೊಂದು ಹೆಜ್ಜೆ ಕೈತಪ್ಪಬೇಕು. ಎರಡೂ ಒಂದೇ ದಿಕ್ಕಿಗೆ ಓಡಿದರೆ ಒಂದನ್ನು ಕಿತ್ತುಹಾಕಿದರೂ ನಷ್ಟವಿಲ್ಲ.

ಭಯದ ವಿಷಯದಲ್ಲಿ ನೀವು ಕಪ್ಪು ನೆರಳು, ತಾನೇ ತೆರೆದುಕೊಳ್ಳುವ ಬಾಗಿಲು, ನಾಯಿ ಊಳಿಡುವುದು ಎಲ್ಲ ತುಂಬಿಸಿದ್ದೀರಿ. ಕಟ್ಟಿನಿಂದ ಹುಟ್ಟದ ಭಯ ಬರೀ ಸದ್ದು. ನಿಮ್ಮ ಭಯ ಕಾಲ ಕೆಳಗಿದೆ. ನೀರು ಇಳಿದಂತೆ ಅವನಿರುವ ಜಾಗ ಇನ್ನೂ ಒಳಕ್ಕೆ ಹೋಗುತ್ತದೆ, ಅವಳು ಕೆರೆಯಂಗಳದಲ್ಲಿ ಇನ್ನಷ್ಟು ನಡೆಯಬೇಕು. ಹಿನ್ನೀರು ಸರಿದ ಜಾಗದಲ್ಲಿ ಮೇಲೆ ಬಿರುಕು ಬಿಟ್ಟ ಒಣ ಹೆಪ್ಪು, ಕೆಳಗೆ ಹೂಳು. ಮೊದಲು ಹಿಮ್ಮಡಿ, ಆಮೇಲೆ ಮೊಣಕಾಲು. ಎಳೆದಷ್ಟೂ ಹೀರಿಕೊಳ್ಳುತ್ತದೆ. ಅವನು ಪ್ರೀತಿಯಿಂದ ಕರೆಯುತ್ತಿದ್ದಾನೋ ನೀರು ಅವನ ದನಿಯಲ್ಲಿ ಬಲಿ ಕರೆಯುತ್ತಿದೆಯೋ ಅನ್ನುವ ಅನುಮಾನ ಅರ್ಧ ಪುಸ್ತಕದವರೆಗೂ ಇರಲಿ. ನಮ್ಮ ಕಡೆ ಮೋಹದ ದೆವ್ವ ಅಂದರೆ ಮೋಹಿನಿ, ಹೆಣ್ಣು. ಗಂಡು ದೆವ್ವ ಅಂದರೆ ಜನಕ್ಕೆ ಪೀಡೆಯೇ ನೆನಪಾಗುವುದು. ಹಾಗಾಗಿ ಚಿಕ್ಕಣ್ಣ ಓದುಗರ ನಂಬಿಕೆ ಗಳಿಸಬೇಕು, ಅದಕ್ಕೆ ಸುಲಭದ ಕೆಲಸ ಒಂದಿದೆ. ಮೊದಲ ಸಲ ಅವಳ ಕಾಲು ಹೂತಾಗ ಅವನು ಹತ್ತಿರ ಬಾ ಅನ್ನಬಾರದು, ಹಿಂದಕ್ಕೆ ಹೋಗು ಅನ್ನಬೇಕು. ಅವನು ಅವಳ ಮೈಮೇಲೆ ಬರುವ ಹದಿನಾಲ್ಕನೇ ಅಧ್ಯಾಯವನ್ನಂತೂ ತೆಗೆದೇ ಹಾಕಿ. ಮೈಮೇಲೆ ಬಂದಲ್ಲಿ ಒಪ್ಪಿಗೆ ಇಲ್ಲ, ಒಪ್ಪಿಗೆ ಇಲ್ಲದ ಕಡೆ ಪ್ರೇಮಕಥೆ ನಿಂತುಹೋಗುತ್ತದೆ.

ಮನೆಯವರ ಪ್ರತಿಕ್ರಿಯೆಯನ್ನೂ ಊರಿನ ಪ್ರಕಾರ ಬರೆಯಿರಿ. ಮಗಳು ಹಿನ್ನೀರಿನ ಹತ್ತಿರ ಒಬ್ಬಳೇ ಮಾತಾಡುತ್ತಾಳೆ ಅಂತ ಗೊತ್ತಾದರೆ ಅವ್ವ ಸಂಶೋಧಕರನ್ನು ಕರೆಸುವುದಿಲ್ಲ. "ಗಾಳಿ ಸೋಕದೆ" ಅನ್ನುತ್ತಾಳೆ, ತಾಯತ ಕಟ್ಟಿಸುತ್ತಾಳೆ, ದೇವರು ಕೇಳುತ್ತಾಳೆ, ತಡೆ ಒಡೆಸುತ್ತಾಳೆ. ಅದನ್ನು ಗೇಲಿ ಮಾಡಬೇಡಿ. ಅವ್ವನ ಭಯ ನಿಜ, ತಾಯತ ಕಟ್ಟಿದ ವಾರ ಚಿಕ್ಕಣ್ಣ ನಾಲ್ಕಾಣೆಯಿಂದ ಎಂಟಾಣೆಗೆ ಸರಿದರೆ ಅದೂ ನಿಜ.

ಚರಿತ್ರೆಯಲ್ಲಿ ತಪ್ಪುಗಳಿವೆ. ಮೂರನೇ ಅಧ್ಯಾಯದಲ್ಲಿ ಈಗಿನ ಕಾಲದ ಸುಧಾಳಿಗೆ ಹಿನ್ನೀರಿನಲ್ಲಿ ಹಳೇ ವೇಣುಗೋಪಾಲಸ್ವಾಮಿ ದೇವಸ್ಥಾನ ಎದ್ದು ಕಾಣುತ್ತದೆ. ಹಿಂದೆ ನೀರು ಇಳಿದಾಗ ಕಾಣುತ್ತಿದ್ದದ್ದು ಹೌದು. ಆ ದೇವಸ್ಥಾನವನ್ನು ಬಿಚ್ಚಿ ತಂದು ಹೊಸ ಕನ್ನಂಬಾಡಿಯ ದಡದಲ್ಲಿ ಮತ್ತೆ ಕಟ್ಟಿ ವರ್ಷಗಳೇ ಆದವು. ಈಗ ನೀರೊಳಗೆ ಇಲ್ಲ. ಚಿಕ್ಕಣ್ಣನ ಬಾಯಲ್ಲಿ "ಮಂಡ್ಯ ಜಿಲ್ಲೆ" ಅಂತ ಬರೆದಿದ್ದೀರಿ. ಜಿಲ್ಲೆ ಆದದ್ದು 1939ರಲ್ಲಿ, ಅವನ ಕಾಲಕ್ಕೆ ಮಂಡ್ಯ ಮೈಸೂರು ಜಿಲ್ಲೆಯ ಒಂದು ತಾಲ್ಲೂಕು. ಸಕ್ಕರೆ ಕಾರ್ಖಾನೆ 1933ರದ್ದು, ಅವನಿಗೆ ಅದರ ಹೊಗೆ ಕೊಳವೆ ನೆನಪಿರಲು ಸಾಧ್ಯವಿಲ್ಲ. ಬೃಂದಾವನವೂ ಆಮೇಲಿನದೇ. ವಿಶ್ವೇಶ್ವರಯ್ಯ ನಾಲೆಗೆ ಮೊದಲು ಇದ್ದ ಇರ್ವಿನ್ ನಾಲೆ ಅನ್ನುವ ಹೆಸರು ಬಂದಿದ್ದು ವೈಸರಾಯ್ ಇರ್ವಿನ್ನರಿಂದ, ಅವರು ಭಾರತಕ್ಕೆ ಬಂದದ್ದೇ 1926ರಲ್ಲಿ. ವಿಶ್ವೇಶ್ವರಯ್ಯನವರನ್ನು 1924ರ ದಿವಾನರು ಅಂದಿದ್ದೀರಿ. ಅವರು ದಿವಾನಗಿರಿ ಬಿಟ್ಟದ್ದು 1918ರಲ್ಲಿ. ಕಟ್ಟೆಯ ಗಾರೆ ಸಿಮೆಂಟಿನದಲ್ಲ, ಇಟ್ಟಿಗೆ ಪುಡಿ ಮತ್ತು ಸುಣ್ಣ ಬೆರೆಸಿದ ಸುರ್ಕಿ. ಚಿಕ್ಕಣ್ಣನ ಅಂಗಿಯ ಮೇಲಿನ ಧೂಳು ಬೂದಿ ಬಣ್ಣದ್ದಾಗದೆ ಇಟ್ಟಿಗೆ ಕೆಂಪಾಗಿರಲಿ.

ಆದರೆ ವರ್ಷವನ್ನು ನೀವು ಅದ್ಭುತವಾಗಿ ಆರಿಸಿಕೊಂಡಿದ್ದೀರಿ, ಬಹುಶಃ ಗೊತ್ತಿಲ್ಲದೆ. ಕಟ್ಟೆ ಕೆಲಸ ಶುರುವಾದದ್ದು 1911ರಲ್ಲಿ. ಎಷ್ಟು ಎತ್ತರಕ್ಕೆ ನೀರು ನಿಲ್ಲಿಸಬಹುದು ಅನ್ನುವ ಜಗಳ ಮದರಾಸಿನ ಜೊತೆ ಎಳೆದಾಡಿ ಇತ್ಯರ್ಥವಾದದ್ದು 1924ರ ಫೆಬ್ರವರಿ ಒಪ್ಪಂದದಲ್ಲಿ. ಮಹಾಪ್ರವಾಹ ಅದೇ ಜುಲೈನಲ್ಲಿ. ಚಿಕ್ಕಣ್ಣನ ಊರು ಮುಳುಗುತ್ತದೋ ಇಲ್ಲವೋ ಅನ್ನುವುದು ಫೆಬ್ರವರಿಯಲ್ಲಿ ಖಾತ್ರಿಯಾಯಿತು ಅಂತ ಇಟ್ಟುಕೊಳ್ಳಿ. ಅವನು ತನ್ನದೇ ಊರನ್ನು ಅಳೆಯಲು ಸಿಕ್ಕ ಸಮಯ ಐದು ತಿಂಗಳು. ಊರಿನ ಹೆಸರು ಮಾತ್ರ ಕಲ್ಪಿತ ಇರಲಿ. ನಿಜವಾದ ಮುಳುಗಡೆ ಊರುಗಳ ಮನೆತನಗಳು ಇವತ್ತಿಗೂ ಇವೆ, ಅವರ ಪಟೇಲರ ಮೇಲೆ ಕೊಲೆ ಹೊರಿಸುವ ಹಕ್ಕು ನಮಗಿಲ್ಲ. ಕಟ್ಟೆಯ ಮೇಲೆ ರಾತ್ರಿ ಇಬ್ಬರೂ ಅಡ್ಡಾಡುವ ದೃಶ್ಯವನ್ನೂ ಹಿನ್ನೀರಿಗೆ ಸಾಗಿಸಿ. ಕಾವಲು ಇರುವ ಜಾಗದಲ್ಲಿ ಪ್ರೇಮಾಲಾಪ ನಡೆಯುವುದಿಲ್ಲ.

ಇಷ್ಟೆಲ್ಲ ಗೊತ್ತಾಯಿತು ಅಂತ ಎಲ್ಲವನ್ನೂ ಬರೆಯಬೇಡಿ. ಒಂದು ದೃಶ್ಯಕ್ಕೆ ಹಳೇ ಕಾಲದ ಒಂದು ವಸ್ತು, ಅದೂ ಯಾರದಾದರೂ ಕೈಯಲ್ಲಿ ಇದ್ದರೆ ಸಾಕು. ಆರನೇ ಅಧ್ಯಾಯದ ಹನ್ನೊಂದು ಪುಟದ ಕಟ್ಟೆ ಚರಿತ್ರೆ ಪಠ್ಯಪುಸ್ತಕ. ಅದರಲ್ಲಿ ಉಳಿಯಬೇಕಾದ್ದು ಸರಪಳಿ ಮತ್ತು ರಸೀತಿ.

ಈಗ ನೀವು ಕಳಿಸಿದ ಒಂದು ಜಾಗವನ್ನೇ ತಗೊಳ್ಳೋಣ. "ಅವನ ಮಂಜುಗಡ್ಡೆಯಂಥ ಬೆರಳು ಅವಳ ಕೆನ್ನೆ ಸವರಿತು. ಅವಳ ಬೆನ್ನುಹುರಿಯಲ್ಲಿ ನಡುಕ ಹರಿಯಿತು. ಅವನ ಕಣ್ಣುಗಳಲ್ಲಿ ಶತಮಾನದ ನೋವಿತ್ತು." ಏಪ್ರಿಲ್ ತಿಂಗಳ ಸಂಜೆ ಇದು. ಮಂಡ್ಯದ ಏಪ್ರಿಲ್‌ನಲ್ಲಿ ಇಡೀ ದಿನ ಬಿಸಿಲು ಕುಡಿದ ಮೊಳಕಾಲುದ್ದದ ನೀರಿನಿಂದ ಎದ್ದು ಬಂದವನ ಕೈ ಮಂಜುಗಡ್ಡೆ ಹೇಗಾಗುತ್ತದೆ? ಆ ತಣ್ಣನೆ ಬೆರಳು ಬೇರೆ ಯಾವುದೋ ಚಳಿಯ ದೇಶದ ದೆವ್ವದ್ದು. ಕಟ್ಟು ಹಾಕಿಕೊಂಡು ಬರೆದರೆ ಹೀಗೆ ಬರಬಹುದು:

"ಮಟ್ಟ 85.20. ಇವತ್ತು ನಾಲ್ಕಾಣೆ. ಅವನು ಕುಕ್ಕರಗಾಲಲ್ಲಿ ಕೂತು ಅಂಗೈ ನೆಲಕ್ಕೆ ಊರಿದ. ಅವಳೂ ಊರಿದಳು. ಮಣ್ಣು ಬೆಚ್ಚಗಿತ್ತು, ಗದ್ದೆಯ ಮಧ್ಯಾಹ್ನದ ನೀರಿನಷ್ಟು. 'ಗೊತ್ತಾಯ್ತದಾ?' ಅಂದ. ಏನು ಅಂತ ಕೇಳುವಷ್ಟರಲ್ಲಿ ಹೆಪ್ಪಿನ ಬಿರುಕೊಂದು ಅವನ ಕೈಯಿಂದ ಅವಳ ಕೈವರೆಗೂ ಸಣ್ಣಗೆ ಮಿಸುಕಿತು. ಸುಣ್ಣದ ವಾಸನೆ ಬಂತು."

ಮುಟ್ಟಿಲ್ಲ. ನೋವು, ನಡುಕ ಅನ್ನುವ ಮಾತೂ ಬಂದಿಲ್ಲ. ಆದರೂ ನಿಮ್ಮ ಮೂರು ವಾಕ್ಯಕ್ಕಿಂತ ಹತ್ತಿರ ಇದೆ ಅನ್ನಿಸಿದರೆ ಅದಕ್ಕೆ ಕಾರಣ ಎಂಟು ಅಡಿ ಮೂರು ಇಂಚು.

ಮಾತಿನ ಬಗ್ಗೆ ಒಂದೇ ವಿಷಯ. ಚಿಕ್ಕಣ್ಣ ಗ್ರಾಂಥಿಕದಲ್ಲಿ ಮಾತಾಡುತ್ತಿದ್ದಾನೆ, "ಪ್ರಿಯೆ, ನಾನು ನಿನಗಾಗಿ ಕಾಯುತ್ತಿದ್ದೆ" ಅನ್ನುತ್ತಾನೆ. ಹಳೇ ಕಾಲದವನು ಅಂದರೆ ನಾಟಕದ ರಾಜ ಅಲ್ಲ. ಅವನದು ಹಕಾರ ನುಂಗುವ ಮಂಡ್ಯದ ಮಾತು: "ಓಗ್ಬುಟ್ಟಿದ್ದೀ ಅನ್ಕಂಡೆ." ಕಚೇರಿಯ ಹೆಣ್ಣುಮಗಳನ್ನು ಅವನು ಮೊದಲು ಕರೆಯುವುದು "ಅಮ್ಮಾವ್ರೆ." ಮುಂದೆ "ಸುಧಮ್ಮ." ಆಮೇಲೆ "ನೀವು" ಜಾರಿ "ನೀನು." ಕೊನೆಗೊಂದು ದಿನ "ಬ್ಯಾಡ ಕಣಮ್ಮಿ." ಈ ನಾಲ್ಕು ಮೆಟ್ಟಿಲಿನಲ್ಲಿ ಪ್ರೀತಿಯ ನಕ್ಷೆ ಇದೆ. ಯಾವ ಮೆಟ್ಟಿಲು ಯಾವ ಅಧ್ಯಾಯದಲ್ಲಿ ಅಂತ ಗುರುತು ಹಾಕಿಕೊಳ್ಳಿ, ಹಿಂದೆ ಮುಂದೆ ಆಗದಿರಲಿ. ಅವನಿಗೆ ಓವರ್‌ಸಿಯರ್, ಅಮಲ್ದಾರ ಗೊತ್ತು. ಟೆನ್ಷನ್, ಫೀಲಿಂಗ್ ಗೊತ್ತಿಲ್ಲ.

ಪ್ರಮಾಣ ಹೇಳುವುದಾದರೆ, 60 ಸಾವಿರ ಪದಕ್ಕೆ ನಿಲ್ಲಿಸಿ. ಎರಡೆರಡು ಸಾವಿರ ಪದದ 30 ಅಧ್ಯಾಯ, ಡೆಮಿ ಅಷ್ಟಮ ಆಕಾರದ ಪುಸ್ತಕದಲ್ಲಿ ಸುಮಾರು 280 ಪುಟ ಆಗುತ್ತದೆ. ಇಬ್ಬರ ಮೊದಲ ಭೇಟಿ ಎರಡನೇ ಅಧ್ಯಾಯ ಮುಗಿಯುವುದರೊಳಗೆ ಆಗಬೇಕು, ನಿಮ್ಮಲ್ಲಿ 60ನೇ ಪುಟ ಆಗಿದೆ. ನೀರು ಮತ್ತು ದೂರದ ನಂಟು ಓದುಗರಿಗೆ ಏಳನೇ ಅಧ್ಯಾಯದ ಹೊತ್ತಿಗೆ ಹೊಳೆಯಲಿ, ಲೆಕ್ಕ ತಾಳೆಯಾಗದ ವಿಷಯ ಹದಿನೈದಕ್ಕೆ. ಇಪ್ಪತ್ತೆರಡರ ನಂತರ ಕಟ್ಟಿಗೆ ಒಂದೇ ಒಂದು ಹೊಸ ಕಲಮು ಸೇರಿಸಬಾರದು. "ಆದರೆ ಹುಣ್ಣಿಮೆ ದಿನ ಮಾತ್ರ..." ಅಂತ 28ನೇ ಅಧ್ಯಾಯದಲ್ಲಿ ಬಂದರೆ ಓದುಗರು ಪುಸ್ತಕ ಮಡಚುತ್ತಾರೆ, ಸರಿಯಾಗಿಯೇ ಮಡಚುತ್ತಾರೆ.

ಸಮ ಬೆರೆತಿದೆಯೇ ಅಂತ ನೋಡಲು ನಾಲ್ಕು ಬಣ್ಣದ ಪೆನ್ಸಿಲ್ ತಗೊಳ್ಳಿ. ಪ್ರೀತಿಗೆ ಕೆಂಪು, ಪತ್ತೆಗೆ ನೀಲಿ, ಭಯಕ್ಕೆ ಕಪ್ಪು, ಚರಿತ್ರೆಗೆ ಹಳದಿ. ಪ್ರತಿ ದೃಶ್ಯದ ಅಂಚಿನಲ್ಲಿ, ಅಲ್ಲಿ ಏನಾದರೂ ಬದಲಾಗಿದ್ದರೆ ಮಾತ್ರ ಗೆರೆ ಎಳೆಯಿರಿ. ಬರೀ ಪ್ರಸ್ತಾಪಕ್ಕೆ ಗೆರೆ ಬೇಡ. ಒಂದೇ ಬಣ್ಣದ ದೃಶ್ಯ ಅನುಮಾನದ್ದು. ಕೆಂಪಿಲ್ಲದ ಎರಡು ದೃಶ್ಯ ಒಟ್ಟಿಗೆ ಬಂದರೆ ಎರಡನೆಯದನ್ನು ಮುರಿದು ಬರೆಯಬೇಕು. ನಿಮ್ಮ ಕರಡಿನ ಐದರಿಂದ ಒಂಬತ್ತರವರೆಗೆ ಕೆಂಪು ಒಂದು ಕಡೆ ಮಾತ್ರ ಬೀಳುತ್ತದೆ, ಎಣಿಸಿ ನೋಡಿ.

ಇನ್ನು ಕೊನೆ. ಪ್ರೇಮಕಾದಂಬರಿ ಅಂತ ರಟ್ಟಿನ ಮೇಲೆ ಹಾಕಿದರೆ ಇಬ್ಬರೂ ಕೂಡುತ್ತಾರೆ ಅನ್ನುವುದು ಓದುಗರ ಜೊತೆಗಿನ ಕರಾರು. ಸುಧಾಳೂ ನೀರಿಗೆ ಬಿದ್ದು ಆತ್ಮಗಳು ಒಂದಾದವು ಅನ್ನುವ ನಿಮ್ಮ ಒಂದನೇ ಆಯ್ಕೆ ಕರಾರು ಮುರಿಯುತ್ತದೆ, ಅಷ್ಟೇ ಅಲ್ಲ, ನೀರಿಗೆ ಹಾರುವುದನ್ನು ಚಂದ ಮಾಡಿ ತೋರಿಸುತ್ತದೆ. ಬೇಡ. ಎರಡನೇ ಆಯ್ಕೆ ಮರುಜನ್ಮ. ಅದರ ಹಳೇ ತೊಡಕು ನಿಮಗೂ ಎದುರಾಗಿದೆ: ಅವನು ಕೂಸಾಗಿ ಹುಟ್ಟಿ ದೊಡ್ಡವನಾಗುವಷ್ಟರಲ್ಲಿ ಅವಳಿಗೆ ಐವತ್ತೈದು.

ಈ ತೊಡಕನ್ನು ಬಿಡಿಸಿದ್ದು ನಮ್ಮ ಕಸುಬಿಗೇ ಹೆಸರು ಕೊಟ್ಟ ಸಂಸ್ಕೃತ ಕವಿ ಬಾಣನ 'ಕಾದಂಬರಿ'. ಅವನು ಮುಗಿಸದೆ ಬಿಟ್ಟದ್ದನ್ನು ಪೂರ್ತಿ ಮಾಡಿದವನು ಅವನ ಮಗ. ಏಳನೇ ಶತಮಾನದ ಆ ಕೃತಿಯನ್ನು ಒಂದನೇ ನಾಗವರ್ಮ ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ಕನ್ನಡಕ್ಕೆ ತಂದ. ಆ ನಾಯಕಿಯ ಹೆಸರೇ ನಾವು ಈಗ ಬರೆಯುತ್ತಿರುವ ಪ್ರಕಾರದ ಹೆಸರಾಯಿತು. ಶಾಪ, ಮರುಜನ್ಮ, ಮಾತಾಡುವ ಗಿಳಿ, ವಿರಹ ಎಲ್ಲ ಅದರಲ್ಲಿದೆ. ಬೆರಕೆ ಪ್ರಕಾರ ಹೊಸದೇನಲ್ಲ ಬಿಡಿ. ಅಲ್ಲಿ ಚಂದ್ರಾಪೀಡ ಸತ್ತರೂ ದೇಹ ಕೆಡುವುದಿಲ್ಲ, ಕಾದಂಬರಿ ಅದನ್ನು ಕಾಯುತ್ತಾ ಕೂರುತ್ತಾಳೆ. ಅವನೇ ಇನ್ನೊಂದೆಡೆ ಶೂದ್ರಕನೆಂಬ ರಾಜ. ಅಲ್ಲಿಯ ಬಾಳು ಮುಗಿದಾಗ ಇಲ್ಲಿಯ ದೇಹ ಕಣ್ಣು ಬಿಡುತ್ತದೆ. ಅಂದರೆ ಅವನ ಒಂದು ಭಾಗ ಎಲ್ಲೋ ಬದುಕಿಕೊಂಡೇ ಇತ್ತು. ನಿಮ್ಮ ಚಿಕ್ಕಣ್ಣನ ಒಂದು ಭಾಗವೂ ಬದುಕಿದೆ, ರಸೀತಿಯಲ್ಲಿ.

ಹಾಗಾಗಿ ಮೂರನೇ ದಾರಿ. ಮಟ್ಟ 80ಕ್ಕಿಂತ ಕೆಳಗೆ ಹೋದ ರಾತ್ರಿ ಸುಧಾ ರಸೀತಿಯನ್ನು ಹಿನ್ನೀರಿಗೆ ತರುತ್ತಾಳೆ. ಸುಳ್ಳು ಹೆಬ್ಬೆಟ್ಟಿನ ಪಕ್ಕ ಚಿಕ್ಕಣ್ಣ ತನ್ನ ಕೈಯಾರೆ ರುಜು ಹಾಕುತ್ತಾನೆ. ಹಣ ಮುಟ್ಟಿದೆ ಅಂತ ಅವನೇ ಒಪ್ಪಿಕೊಂಡ ಮೇಲೆ ಬರವಣಿಗೆ ಹದಿನಾರಾಣೆ ಸತ್ಯವಾಯಿತು. ಲೆಕ್ಕ ತಾಳೆಯಾಯಿತು, ಬದುಕಿನ ಕಡೆಗೆ. ಅದರ ಬೆಲೆ ನ್ಯಾಯ: ತನ್ನ ಕೊಲೆಯ ಒಂದೇ ಸಾಕ್ಷಿಯನ್ನು ಅವನೇ ಅಳಿಸಿಹಾಕಿದ. ಪಟೇಲನ ಫೋಟೋ ನಡುಮನೆಯಲ್ಲಿ ಹಾರ ಹಾಕಿಕೊಂಡು ಹಾಗೇ ಇರುತ್ತದೆ, ಚಿಕ್ಕಣ್ಣ ಅಳಿಯನಾಗಿ ಅದರ ಕೆಳಗೆ ಊಟಕ್ಕೆ ಕೂರಬೇಕು. ಅವನು ರುಜು ಹಾಕಲು ಯಾಕೆ ಒಪ್ಪಿದ ಅನ್ನುವುದಕ್ಕೆ ಪ್ರೀತಿ ಒಂದೇ ಕಾರಣ ಸಾಲದು. ಸುಧಾಳ ಅಪ್ಪನ ಒಣಗಿದ ಪೈರನ್ನು ಅವನು ಒಮ್ಮೆ ಕಣ್ಣಾರೆ ಕಂಡಿರಬೇಕು, ಅಥವಾ ಅವಳು ಒಂದು ತೆನೆ ಕಿತ್ತು ತಂದು ನಾಲ್ಕಾಣೆ ಆಚೆಯಿಂದ ತೋರಿಸಿರಬೇಕು. ಆ ದೃಶ್ಯವನ್ನು ಇಪ್ಪತ್ತನೇ ಅಧ್ಯಾಯದ ಒಳಗೇ ಇಟ್ಟುಬಿಡಿ.

ಪೆನ್ನು ಕೊಡುವಾಗ ಬೆರಳಿಗೆ ಬೆರಳು ತಾಗುತ್ತದೆ. ನೀವು ಇಷ್ಟು ದಿನ ತಡೆಹಿಡಿದ ಸ್ಪರ್ಶ ಇದೇ. ಮಳೆ ಆ ರಾತ್ರಿಯೇ ಬರಬೇಕಿಲ್ಲ, ಅಷ್ಟು ಸಿನಿಮಾ ಬೇಡ. ಕೊನೇ ಅಧ್ಯಾಯದ ತಲೆಯಲ್ಲಿ ತಾರೀಖು ಹಾಕಿ, ಅದರ ಕೆಳಗೆ ಒಳಹರಿವಿನ ಅಂಕಿ ಮೊದಲ ಸಲ ಸಾವಿರ ಕ್ಯೂಸೆಕ್ ದಾಟಿದೆ ಅಂತ ಬರೆಯಿರಿ.